ಟಪಾಲು ಹಡಗಿಗೆ ಬೀಸಿದ ಬೈರಾಸು

ನಾನು ಅನುಕರಿಸದೆ ಬಿಟ್ಟವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅಪ್ಪನ ಸೀನು, ಅಮ್ಮ ಫೋನಿನಲ್ಲಿ ಮಾತ್ರ ಬಳಸುವ ನಯವಾದ ದನಿ, ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದು ನಿಲ್ಲುವ ನನ್ನದೇ ಭಂಗಿ, ಎಲ್ಲ ಆಗಿದೆ. ಹೆಚ್ಚು ಚಪ್ಪಾಳೆ ಬಿದ್ದದ್ದು ಮಾತ್ರ ಅಜ್ಜಿಯ ಅನುಕರಣೆಗೆ.

ದುಬೈಯಲ್ಲಿ ನರ್ಸ್ ಆಗಿರುವ ಅಕ್ಕ ರಜೆ ಮುಗಿಸಿ ಹೊರಟಾಗಲೆಲ್ಲ ಅಪ್ಪ ಅಮ್ಮ ಅವಳ ಜೊತೆ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ. ಅಜ್ಜಿ ಕಾರು ಹತ್ತುವುದಿಲ್ಲ. ವಿಮಾನ ಹೊರಡುವ ಹೊತ್ತಿಗೆ ನಮ್ಮೂರು ಕಾಪುವಿನ ಕಡಲ ದಂಡೆಗೆ ನಡೆದು, ಮೈ ಒರೆಸುವ ಕೆಂಪು ಅಂಚಿನ ಬೈರಾಸನ್ನು ಎರಡೂ ಕೈಯಲ್ಲಿ ಎತ್ತಿ ನೀರಿನತ್ತ ಬೀಸುತ್ತಾರೆ.

ಈ ಸಲ ಅಕ್ಕ ಬಂದಿದ್ದಾಗ ನಾನು ಅದರದ್ದೇ ರೀಲ್ ಮಾಡಿದೆ. ಅಮ್ಮನ ಸೀರೆ ಸುತ್ತಿ, ಬೆನ್ನು ಗೂನು ಮಾಡಿ, "ಓ ವಿಮಾನವೇ, ಸ್ವಲ್ಪ ನಿಲ್ಲು ಮಾರಾಯ, ಮಗುವಿಗೆ ಉಪ್ಪಿನಕಾಯಿ ಕೊಡ್ಲಿಕ್ಕೆ ಮರೆತೆ!" ಎಂದು ಕೂಗಿದೆ. ಊರೆಲ್ಲ ನಕ್ಕಿತು. ಪಕ್ಕದ ಮನೆಯವರು ಅದನ್ನು ಅಜ್ಜಿಗೇ ತೋರಿಸಿದರು. ಅಜ್ಜಿ ಕೊನೆಯವರೆಗೂ ನೋಡಿ, "ಚಂದ ಉಂಟು" ಎಂದು ಫೋನ್ ಹಿಂದಕ್ಕೆ ಕೊಟ್ಟರಂತೆ.

ಅದೇ ವಾರ ಮಣಿಪಾಲದಲ್ಲಿ ಕರಾವಳಿಯ ಹಳೆಯ ಫೋಟೋಗಳ ಪ್ರದರ್ಶನವಿತ್ತು. ವಿವರಣೆ ಕೊಡುವವರ ದನಿ ಕದಿಯಲಿಕ್ಕೆಂದೇ ಹೋದೆ. ಒಂದು ಫೋಟೋದಲ್ಲಿ ನಮ್ಮದೇ ದೀಪಸ್ತಂಭದ ಬಂಡೆ, ಆಚೆ ಹೊಗೆ ಉಗುಳುವ ಹಡಗು. ದಂಡೆಯಲ್ಲಿ ಸಾಲಾಗಿ ಹೆಂಗಸರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಟ್ಟೆ.

"ಇದು ಟಪಾಲಿನ ಹಡಗು. ಮಂಗಳೂರಿನಿಂದ ಬೊಂಬಾಯಿಗೆ. ಕಾಪುವಿನಲ್ಲಿ ನಿಲ್ತಿರಲಿಲ್ಲ, ಎದುರಿನಿಂದ ಹಾದು ಹೋಗ್ತಿತ್ತು. ಅಷ್ಟು ದೂರಕ್ಕೆ ಮುಖ ಕಾಣುವುದಿಲ್ಲ, ಅಲ್ವಾ? ಅದಕ್ಕೆ ಮನೆಗೊಂದು ಬಣ್ಣದ ಬಟ್ಟೆ. ಒಳಗಿದ್ದವರಿಗೆ ತಮ್ಮವರ ಗುರುತು ಸಿಗ್ಬೇಕಲ್ಲ," ಎಂದರು ವಿವರಣೆ ಕೊಡುವವರು.

ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಟಪಾಲು ಹಡಗು ನಮಗೆ ಅನ್ನ ತಿನ್ನಿಸಲು ಕಟ್ಟಿದ ಕತೆ ಎಂದೇ ನಾನು ನಂಬಿದ್ದೆ. ಆ ದನಿ ಕದಿಯಲು ಮರೆತೇಹೋಯಿತು.

ಮನೆಗೆ ಬಂದು, ಬಸಳೆ ಹೆಚ್ಚುತ್ತಿದ್ದ ಅಜ್ಜಿಯ ಮುಂದೆ ಫೋನಿನಲ್ಲಿ ತೆಗೆದುಕೊಂಡಿದ್ದ ಆ ಕಪ್ಪು ಬಿಳುಪು ಫೋಟೋ ಹಿಡಿದೆ.

"ಇದರಲ್ಲಿ ಕೆಂಪು ಕಾಣುವುದಿಲ್ಲ," ಎಂದರು. "ನನ್ನ ಅಪ್ಪ ಬೊಂಬಾಯಿಯ ಹೋಟೆಲಿಗೆ ಕೆಲಸಕ್ಕೆ ಹೋಗುವಾಗ ನನ್ನಮ್ಮ ಹಿಡೀತಿದ್ದದ್ದು ಕೆಂಪು ಅಂಚಿನದ್ದು."

"ಅಜ್ಜಿ, ನಾಳೆ ಅಕ್ಕ ಹೊರಡ್ತಾಳೆ. ನೀವು ಕಡಲಿಗೆ ಹೋಗ್ಬೇಕು."

"ನಾನೆಂತಕ್ಕೆ? ನೀನೇ ಹೋಗು. ನನಗಿಂತ ಚಂದ ಬರ್ತದಲ್ಲ ನಿನಗೆ."

ಮರುದಿನ ನಿಲ್ದಾಣದಿಂದ ಅಕ್ಕನ ಫೋನ್. "ಅಜ್ಜಿ ಹೊರಟ್ರಾ? ಕಿಟಕಿ ಸೀಟೇ ಕೇಳಿ ತಗೊಂಡಿದ್ದೇನೆ. ಮೇಲಿಂದ ಎಂತ ಕಾಣುವುದಿಲ್ಲ, ಆದ್ರೂ ಅಲ್ಲಿದ್ದಾರೆ ಅಂತ ಒಂದು ಧೈರ್ಯ."

ಅಜ್ಜಿ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು "ಹ್ಞೂಂ" ಅಂದೆ. ಅದು ಯಾರ ದನಿಯೋ ನನಗೇ ಗೊತ್ತಾಗಲಿಲ್ಲ.

ಹಗ್ಗದ ಮೇಲಿದ್ದ ಬೈರಾಸು ಎಳೆದುಕೊಂಡು ದಂಡೆಗೆ ಓಡಿದೆ. ಎರಡೂ ಕೈ ಎತ್ತಿ ಬೀಸಿದೆ. ಹಿಂದಿನಿಂದ ಹುಡುಗರ ಗುಂಪೊಂದು ಕೂಗಿತು: "ಹೇ, ರೀಲಿನ ಅಜ್ಜಿ! ಉಪ್ಪಿನಕಾಯಿ ಡೈಲಾಗ್ ಬಿಡು ಮಾರಾಯ!"

ಫೋನುಗಳು ಮೇಲೆದ್ದಿರಬೇಕು. ತಿರುಗಲಿಲ್ಲ. ನೆಟ್ಟಗೆ ನಿಂತು ಬೀಸುತ್ತಲೇ ಇದ್ದೆ.

"ಬೆನ್ನು ಬಗ್ಗಿಸಲಿಲ್ಲ, ಅಜ್ಜಿಯ ಹಾಗೆ ಆಗ್ಲಿಲ್ಲ!" ಎಂದನೊಬ್ಬ.

ಅಜ್ಜಿಯ ಬೆನ್ನು ಬಾಗಿಯೇ ಇಲ್ಲ. ನಗು ಬರಲೆಂದು ಆ ಗೂನು ಸೇರಿಸಿದವನು ನಾನು.