ಕಮಲಾಬಾಯಿಯವರ ಹಾಲಿಲ್ಲದ ಮೂವತ್ತು ದಿನ

ಕಮಲಾಬಾಯಿಯವರು ಪೇಪರನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತಿದ್ದರು, ಅದೂ ಕೈಯಲ್ಲಿ ಕೆಂಪು ಪೆನ್ನು ಹಿಡಿದುಕೊಂಡು. ತಿಳಿಯದ ಸಾಲಿನ ಪಕ್ಕ ಒಂದು ಪ್ರಶ್ನೆಚಿಹ್ನೆ, ಸುಳ್ಳೆನಿಸಿದ ಸಾಲಿಗೆ ಎರಡು. ಮೂರು ಬಿದ್ದರೆ ಅವತ್ತು ನನ್ನ ಗ್ರಹಚಾರ ಸರಿಯಿಲ್ಲವೆಂದೇ ಅರ್ಥ. ಯಾಕೆಂದರೆ ಮೂಡಲಗಿಯಿಂದ ಆ ಪೇಪರಿಗೆ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರ ನಾನು, ನನ್ನ ಮನೆ ಅವರ ಮನೆಯಿಂದ ಎರಡೇ ಓಣಿ ಆಚೆ. ಅಷ್ಟೂ ಪುಟಗಳನ್ನು ನಾನೊಬ್ಬನೇ ಕೂತು ಬರೆಯುತ್ತೇನೆ ಎಂಬಂತೆ ಅವರು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅಮೆರಿಕದ ಚುನಾವಣೆಗೂ, ರಾಶಿಭವಿಷ್ಯಕ್ಕೂ, ಪದಬಂಧದ ತಪ್ಪಿಗೂ ನಾನೇ ಜವಾಬು ಹೇಳಬೇಕಿತ್ತು. ಜವಾಬು ಹೇಳಿದರೆ ಚಹಾ ಸಿಗುತ್ತಿತ್ತು, ಹೇಳದಿದ್ದರೂ ಸಿಗುತ್ತಿತ್ತು.

ಅವರು ಕುಲಗೋಡದ ಸುತ್ತಿನ ಹಳ್ಳಿಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಊರವರ ಬಾಯಲ್ಲಿ ನರ್ಸಬಾಯಾರು, ನನ್ನ ಬಾಯಲ್ಲಿ ಬರೀ ಬಾಯಾರು. ಹುಟ್ಟೂರು ಹುಕ್ಕೇರಿಯ ಹತ್ತಿರದ ಹಳ್ಳಿ. ತಂದೆತಾಯಿ ಕಂಡವರ ಹೊಲದಲ್ಲಿ ದುಡಿದವರು. ತಂದೆಯ ಕಾಲದಲ್ಲೇ ಮನೆತನ ಬೌದ್ಧ ಧರ್ಮಕ್ಕೆ ಸೇರಿತ್ತು. ಪಡಸಾಲೆಯಲ್ಲಿ ಬುದ್ಧನ ಒಂದು ಚಿತ್ರ, ಅದರ ಕೆಳಗೆ ಹಳೆಯ ಪೇಪರಿನ ರಾಶಿ, ರಾಶಿಯ ಪಕ್ಕ ಅವರ ಕುರ್ಚಿ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, ಪರರ ಬಾಣಂತನ ಮಾಡಿ ಮಾಡಿ ವ್ಯಾಳೆ ಸಿಗಲಿಲ್ಲ ಎಂದು ನಗುತ್ತಿದ್ದರು.

ಶಬ್ದಗಳ ವಿಷಯದಲ್ಲಿ ಅವರು ಬಲು ಚುರುಕು. ಹಿಂದೊಮ್ಮೆ ಹಳ್ಳಿಯೊಂದರಲ್ಲಿ ರಕ್ತ ಕಡಿಮೆಯಾಗಿ ಬಿಳುಚಿಕೊಂಡಿದ್ದ ಬಸುರಿ ಸೊಸೆಗೆ ಮೊಟ್ಟೆ ತಿನ್ನಿಸಬೇಕಿತ್ತಂತೆ. ಆ ಮನೆಯಲ್ಲಿ ಮೊಟ್ಟೆಯ ಹೆಸರು ಎತ್ತುವಂತಿರಲಿಲ್ಲ. ಬಾಯಾರು ಅತ್ತೆಯ ಜೊತೆ ವಾದಕ್ಕೆ ಹೋಗಲಿಲ್ಲ. ಚೀಟಿಯಲ್ಲಿ ಗುಳಿಗೆಗಳ ಹೆಸರಿನ ಕೆಳಗೆ 'ದಿನಕ್ಕೊಂದು ಬಿಳೀ ಔಷಧ' ಎಂದು ಬರೆದು, ಮೊಟ್ಟೆಗಳನ್ನು ಔಷಧದ ಡಬ್ಬಿಯಲ್ಲೇ ಒಯ್ದು ಕೊಟ್ಟರು. ಅತ್ತೆಗೆ ಎಲ್ಲ ಗೊತ್ತಿತ್ತು, ಆದರೂ ಔಷಧ ಎಂದಮೇಲೆ ಆಕೆಯೇ ಕುದಿಸಿಕೊಟ್ಟಳು. ಹೆಸರು ಬದಲಾದರೆ ವಸ್ತುವೂ ಬದಲಾಗುತ್ತದೆ ಎಂದು ಅವರು ನನಗೆ ತಿಳಿಸಿ ಹೇಳಿದ್ದು ಈ ಕಥೆಯಿಂದ. ನಾನು ಅದನ್ನು ಕೇಳಿ ನಕ್ಕು ಮರೆತಿದ್ದೆ.

ಎರಡು ವರ್ಷದ ಹಿಂದೆ ನಮ್ಮ ಪೇಪರಿನ ಭಾನುವಾರದ ಪುರವಣಿಯಲ್ಲಿ ಒಂದು ಹೊಸ ಗಾಳಿ ಬೀಸಿತು. 'ನಾನು ಮೂವತ್ತು ದಿನ ವೀಗನ್ ಆದೆ' ಎಂದು ದೊಡ್ಡ ಊರಿನವರೊಬ್ಬರು ಬರೆದರು. ಮಾಂಸ, ಮೊಟ್ಟೆಯಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ, ಜೇನು ಯಾವುದೂ ಇಲ್ಲ. ಬಾಯಾರು ಅದನ್ನು ವ್ಯಾಗನ್ ಎಂದು ಓದಿ, ಮನುಷ್ಯ ರೈಲಿನ ಡಬ್ಬಿ ಹೇಗಾಗುತ್ತಾನೆಂದು ನನ್ನನ್ನು ಕರೆಸಿದರು. ನಾನು ಬಿಡಿಸಿ ಹೇಳಿದೆ. ಆಮೇಲೆ ಶುರುವಾಯಿತು ನೋಡಿ. ಒಂದು ವಾರ ಸಿನಿಮಾ ನಟಿಯೊಬ್ಬಳ ಕಾಂತಿಯ ಗುಟ್ಟು, ಮುಂದಿನ ವಾರ 'ವೀಗನ್ ಆಗುವ ಮುನ್ನ ಎಚ್ಚರ', ಅದರ ಮುಂದಿನ ವಾರ ಹಾಲಿಗೆ ಬದಲು ಬಾದಾಮಿ ಹಾಲು, ಅದೇ ಪುಟದ ಕೆಳಗೆ ಪೇಡೆಯ ಜಾಹೀರಾತು. ಬಾಯಾರು ಎಲ್ಲವನ್ನೂ ಕತ್ತರಿಸಿ ಒಂದು ಫೈಲು ಮಾಡಿದರು. ಎಲ್ಲ ಲೇಖನಗಳಿಗೂ ಒಂದೇ ಅಚ್ಚು ಎಂದು ಮೊದಲು ಕಂಡುಹಿಡಿದವರು ಅವರೇ. ಬರೆದವರು ಮೊದಲ ದಿನ ಫ್ರಿಜ್ಜಿನ ಬಾಗಿಲು ತೆರೆದು ನಿಟ್ಟುಸಿರು ಬಿಡುತ್ತಾರೆ. ಮೂರನೇ ದಿನ ತಲೆನೋವು. ಹತ್ತನೇ ದಿನ ಮುಖದಲ್ಲಿ ಹೊಳಪು. ಕೊನೆಯ ದಿನ ಒಂದು ಚಮಚ ತುಪ್ಪ ಹಾಕಿಕೊಂಡು, ಅವರವರ ದೇಹದ ಮಾತನ್ನು ಅವರವರು ಕೇಳಬೇಕು ಎಂದು ಮುಗಿಸುತ್ತಾರೆ. ಚಿತ್ರದಲ್ಲಿ ಯಾವಾಗಲೂ ಬಿಳಿಯ ತಟ್ಟೆ, ಅದರಲ್ಲಿ ಮೂಡಲಗಿ ಸಂತೆಯಲ್ಲಿ ಯಾರೂ ಮಾರದ ಸೊಪ್ಪು.

ನನಗೆ ಇದು ತಮಾಷೆಯಾಗಿತ್ತು, ಅವರಿಗೆ ಆಗಿರಲಿಲ್ಲ. ಒಂದು ದಿನ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು:

"ಜಲ್ಮೆಲ್ಲಾ ನಾ ಬಾಣಂತ್ಯಾರಿಗೆ ಹಾಲು ಕುಡೀರಿ, ತತ್ತಿ ತಿನ್ರಿ ಅಂತ ಹೇಳೇನಿ. ಈಗ ನಿಮ್ಮ ಪೇಪರ ಒಂದ ವಾರ ಬ್ಯಾಡ ಅಂತೈತಿ, ಒಂದ ವಾರ ಬೇಕ ಅಂತೈತಿ. ಖರೆ ಹೇಳ್ರಿ, ನಾ ಹೇಳಿದ್ದು ತಪ್ಪಾತೇನು?"

ನಾನು ಎರಡೂ ಸರಿ ಎಂದೆ. ಆ ಉತ್ತರಕ್ಕೆ ಅವರು ಪ್ರಶ್ನೆಚಿಹ್ನೆ ಹಾಕುವುದೊಂದು ಬಾಕಿ. ತಾವೇ ಮಾಡಿ ನೋಡುವುದೆಂದು ಅವತ್ತೇ ತೀರ್ಮಾನಿಸಿಬಿಟ್ಟರು. ಮೂವತ್ತು ದಿನ ಅವರು ಮಾಡಬೇಕು, ನಾನು ಬರೆಯಬೇಕು, ಒಂದಕ್ಷರ ಕೂಡ ಸುಳ್ಳಿರಬಾರದು. ಒಪ್ಪಿಕೊಂಡೆ. ಪುರವಣಿಯಲ್ಲಿ ಹೆಸರು ಬರುವ ಆಸೆ ನನಗೂ ಇತ್ತು.

ಲೇಖನದಲ್ಲಿ ಹೇಳಿದ ತೋಫು ಎಂಬ ಸೋಯಾ ಪನೀರು ತರಲು ಅವರು ಕಿರಾಣಿ ಅಂಗಡಿಗೆ ಹೋದರು. ಅಂಗಡಿಯವನು ತೋಫಾ ಎಂದು ಕೇಳಿಸಿಕೊಂಡು, ಕಾಣಿಕೆ ಸಾಮಾನು ನಮ್ಮಲ್ಲಿಲ್ಲ ಎಂದು ಬಾಜೂಕಿನ ಫ್ಯಾನ್ಸಿ ಸ್ಟೋರಿಗೆ ಕಳಿಸಿದ. ಅಲ್ಲಿ ಅವರಿಗೆ ಗೋಡೆ ಗಡಿಯಾರ ತೋರಿಸಿದರಂತೆ. ಗೋಕಾಕಕ್ಕೆ ಹೋದಾಗ ಕರದಂಟಿನಲ್ಲಿ ತುಪ್ಪ ಎಷ್ಟು ಎಂದು ವಿಚಾರಿಸಿ, ಅಂಗಡಿಯವರು ಹೆಮ್ಮೆಯಿಂದ ಹೇಳಿದ್ದು ಕೇಳಿ ಬರಿಗೈಯಲ್ಲಿ ಬಂದರು. ಚಹಾ ಬಿಡುವುದು ಮಾತ್ರ ಆಗಲಿಲ್ಲ. ಹಾಲಿಲ್ಲದೆ ಬೆಲ್ಲ, ಶುಂಠಿ ಹಾಕಿ ಕುದಿಸಿದ ಕರೀ ಚಹಾ ಕುಡಿಯತೊಡಗಿದರು. ನನಗೂ ಅದೇ. ಮೊದಲ ವಾರ ಔಷಧದಂತೆ ಕುಡಿದೆ.

ಊಟದ ಚಿಂತೆ ಎರಡೇ ದಿನದಲ್ಲಿ ಮುಗಿಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಇದರಲ್ಲಿ ಹಾಲೆಲ್ಲಿದೆ, ತುಪ್ಪವೆಲ್ಲಿದೆ? ಅವರೇ ಬೆರಗಾಗಿ ಕೂತರು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ ಹೇಳಿದರು:

"ನಮ್ಮವ್ವ ಹಾಲಿನ ಚಹಾ ಕುಡಿದದ್ದ ನನಗ ಪಗಾರ ಬಂದ ಮ್ಯಾಲೆ. ಹೊಲದ ಮಾಲಕರು ಹಬ್ಬಕ್ಕೊಮ್ಮೆ ಮ್ಯಾಲಿಂದ ಮಜ್ಜಿಗಿ ಸುರೀತಿದ್ರು, ಬೊಗಸಿ ಹಿಡೀತಿದ್ವಿ. ಆಗ ನಮ್ಮನ್ನ ಯಾರೂ ವೀಗನ್ ಅನಲಿಲ್ಲ ನೋಡ್ರಿ."

ನಗುತ್ತಲೇ ಹೇಳಿದರು. ನಾನೂ ನಕ್ಕೆ, ಆಮೇಲೆ ನಗಬೇಕಿತ್ತೋ ಇಲ್ಲವೋ ತಿಳಿಯಲಿಲ್ಲ. ಆ ಮಾತನ್ನು ಹಾಗೇ ಬರೆದುಕೊಂಡೆ.

ಮೂವತ್ತು ದಿನ ಮುಗಿದಾಗ ಅವರ ತೂಕ ಅಷ್ಟೇ ಇತ್ತು, ಮುಖ ಹಾಗೇ ಇತ್ತು, ಮಂಡಿಯ ನೋವೂ ಇತ್ತು. ಗೊಂದಲವೂ ಇದ್ದಷ್ಟೇ ಇದೆ, ಹಾಗೆಂದೇ ಬರೆಯಿರಿ ಎಂದರು. ಬರೆದೆ. ಓದುವವರಿಗೆ ವೀಗನ್ ಎಂದರೆ ತಿಳಿಯಲಿಕ್ಕಿಲ್ಲ ಎಂದು ಅದರ ಮುಂದೆ 'ಅಂದರೆ ಶುದ್ಧ ಸಸ್ಯಾಹಾರಿ' ಎಂದು ಸೇರಿಸಿದೆ. ಆ ಎರಡು ಶಬ್ದ ನನ್ನವು. ನಮ್ಮ ಕಡೆಯ ಅರ್ಧ ಖಾನಾವಳಿಗಳ ಬೋರ್ಡಿನ ಮೇಲೆ ಇರುವಂಥವೇ. ಬರೆಯುವಾಗ ಕೈ ತಡೆಯಲಿಲ್ಲ.

ಭಾನುವಾರ ಪುರವಣಿ ಬಂತು. 'ಮೂಡಲಗಿಯ ನರ್ಸ್ ಈಗ ಶುದ್ಧ!' ಎಂದು ದಪ್ಪ ಅಕ್ಷರ, ಅದರ ಕೆಳಗೆ ಸಣ್ಣದಾಗಿ 'ಮಾಂಸ ತೊರೆದರು, ಮಂಡಿನೋವು ಮರೆತರು'. ಅವ್ವ, ಬೊಗಸೆ, ಮಜ್ಜಿಗೆ ಯಾವುದೂ ಇರಲಿಲ್ಲ. ಗೊಂದಲವೂ ಇರಲಿಲ್ಲ. ಫ್ರಿಜ್ಜು ಇಲ್ಲದ ಅವರ ಮನೆಗೆ ಫ್ರಿಜ್ಜು ಬಂದಿತ್ತು, ಮೊದಲ ದಿನ ಅವರು ಅದರ ಬಾಗಿಲು ತೆರೆದು ನಿಟ್ಟುಸಿರು ಬಿಟ್ಟಿದ್ದರು. ಚಿತ್ರದಲ್ಲಿ ಅದೇ ಬಿಳಿ ತಟ್ಟೆ, ಅದೇ ಸೊಪ್ಪು. ಓದಿ ನನಗೆ ಕಸಿವಿಸಿಯಾಯಿತು. ಅವರ ಮನೆಗೆ ಹೋಗಲು ಎರಡು ದಿನ ಧೈರ್ಯ ಬರಲಿಲ್ಲ.

ಮೂರನೇ ದಿನ ಹೋದಾಗ ಬಾಯಾರು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಪೇಪರು ಎದುರಿಗಿತ್ತು, ಪೆನ್ನು ಮುಟ್ಟಿರಲಿಲ್ಲ. ಫ್ರಿಜ್ಜಿನ ಬಗ್ಗೆ ಬೈಯುತ್ತಾರೆಂದುಕೊಂಡಿದ್ದೆ. ಅವರು ಹೇಳಿದ್ದು ಎದುರು ಮನೆಯ ಶಾಂತಕ್ಕನ ಬಗ್ಗೆ. ಶಾಂತಕ್ಕ ಹನ್ನೆರಡು ವರ್ಷದಿಂದ ನೆರೆಯವಳು, ಒಳ್ಳೆಯ ಹೆಂಗಸು. ಸೊಸೆಯ ಬಾಣಂತನಕ್ಕೆ ಬಾಯಾರನ್ನೇ ನಂಬಿದವಳು. ಆದರೆ ಬಾಯಾರ ಮನೆಯಲ್ಲಿ ಒಂದು ಗುಟುಕು ಚಹಾ ಕುಡಿದವಳಲ್ಲ. ಪ್ರತಿಸಲವೂ ಈಗಷ್ಟೇ ಕುಡಿದು ಬಂದೆ ಎಂಬ ಒಂದೇ ಮಾತು. ಆ ಶಾಂತಕ್ಕ ಸೋಮವಾರ ಬೆಳಿಗ್ಗೆ ಪೇಪರು ಹಿಡಿದುಕೊಂಡು ನಗುನಗುತ್ತ ಬಂದು, ಛಲೋ ಮಾಡಿದ್ರಿ ಬಾಯಾರ ಎಂದು ಕುರ್ಚಿ ಎಳೆದು ಕೂತು, ತಾನಾಗಿ ಚಹಾ ಕೇಳಿ ಕುಡಿದು ಹೋದಳಂತೆ.

"ಆಕಿ ಕುಡದದ್ದಕ್ಕ ನಾ ಖುಷಿ ಪಡಬೇಕೋ, ಅಳಬೇಕೋ ತಿಳೀವಲ್ದು. ಹಂಗಾದ್ರ ಈ ಮೂವತ್ತ ದಿನದಕಿಂತ ಮೊದಲ ನಾ ಏನಿದ್ನಿ? ನಮ್ಮವ್ವ ಏನಿದ್ಲು?"

ತಲೆಬರಹ ಕಚೇರಿಯವರು ಕೊಟ್ಟದ್ದು ಎಂದು ತೊದಲಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಒಳಗಿನ ಸಾಲಿನಲ್ಲೂ 'ಶುದ್ಧ' ಎಂಬ ಆ ಶಬ್ದ ಇತ್ತು, ಅದರ ಕೆಳಗೆ ನನ್ನ ಹೆಸರಿತ್ತು. ಕೊನೆಗೆ, ನಾನೇ ಬರೆದದ್ದು ಬಾಯಾರ, ತಪ್ಪಾಯಿತು ಎಂದೆ. ಅವರು ಕೇಳಿದ್ದು ಇಷ್ಟೇ: ಮನೆಯಲ್ಲಿ ಹೇಳಿದ ತಪ್ಪಾಯಿತು ಮನೆಯಲ್ಲೇ ಉಳಿಯುತ್ತದೆ, ಪೇಪರಿನಲ್ಲಿ ಬರೆದ ತಪ್ಪನ್ನು ಪೇಪರಿನಲ್ಲೇ ತಿದ್ದಬೇಕು. ಕಮಲಾಬಾಯಿ ಮೊದಲೂ ಶುದ್ಧವೇ ಇದ್ದಳು, ಅವಳ ಅವ್ವನೂ ಶುದ್ಧವೇ ಇದ್ದಳು ಎಂದು ಒಂದು ಸಾಲು.

ನಾನು ಗೋಕಾಕದ ಕಚೇರಿಗೆ ಹೋದೆ. ಅಲ್ಲಿಯ ಹಿರಿಯರಿಗೆ ನನ್ನ ಮಾತು ಅರ್ಥವೇ ಆಗಲಿಲ್ಲ. ಹೊಗಳಿದ್ದಕ್ಕೆ ತಿದ್ದುಪಡಿ ಕೇಳುವವರನ್ನು ಇದೇ ಮೊದಲು ನೋಡುತ್ತಿದ್ದೇನೆ, ಶುದ್ಧ ಎಂದರೆ ಬೈಗುಳವೇನು ಎಂದು ಕೇಳಿದರು. ಲೇಖನಕ್ಕೆ ಬಹಳ ಮೆಚ್ಚುಗೆ ಬಂದಿದೆ, ಇಂಥದ್ದೇ ಇನ್ನೊಂದು ಕೊಡಿ ಎಂದೂ ಹೇಳಿದರು. ನಾನು ಜಗ್ಗಾಡಬಹುದಿತ್ತು. ಎರಡು ಸಲ ಕೇಳಿ ಬಿಟ್ಟುಬಿಟ್ಟೆ. ತಿದ್ದುಪಡಿ ಬರಲೇ ಇಲ್ಲ.

ಬಾಯಾರು ಜಗಳವಾಡಲಿಲ್ಲ. ಮುಂದಿನ ಭಾನುವಾರ ಬಾಗಿಲು ಪೂರ್ತಿ ತೆರೆದಿಟ್ಟು, ಓಣಿಗೆಲ್ಲ ವಾಸನೆ ಹರಡುವಂತೆ ಮಟನ್ ಸಾರು ಮಾಡಿದರು. ಹಾಲಿನ ಚಹಾ ಶುರು ಮಾಡಿದರು. ಶಾಂತಕ್ಕ ಮತ್ತೆ ಈಗಷ್ಟೇ ಕುಡಿದು ಬಂದೆ ಎನ್ನತೊಡಗಿದಳು. ಆಮೇಲೆ ಸ್ವಲ್ಪ ದಿನಕ್ಕೆ ಬಾಯಾರು ಪೇಪರು ನಿಲ್ಲಿಸಿದರು, ಮೂಡಲಗಿಯ ಮನೆ ಬಿಟ್ಟು ಹುಕ್ಕೇರಿ ಕಡೆಯ ತಂಗಿಯ ಮನೆಗೆ ಹೋದರು. ಹೋಗುವ ಮುಂಚೆ ನನಗೆ ಸುದ್ದಿ ಕೊಡಲಿಲ್ಲ. ನನಗೆ ಬೇಜಾರಾಯಿತು, ಬೇಜಾರಾಗಲು ನನಗೇನು ಹಕ್ಕು ಎಂದೂ ಅನಿಸಿತು.

ಹೋದ ಚಳಿಗಾಲದಲ್ಲಿ ಅವರ ಪ್ರಕೃತಿ ನೆಟ್ಟಗಿಲ್ಲವೆಂದು ಕೇಳಿ ನೋಡಲು ಹೋಗಿದ್ದೆ. ಅದೇ ಕೊನೆಯ ಭೇಟಿಯಾಯಿತು. ತಿಂಗಳೊಪ್ಪತ್ತಿನಲ್ಲಿ ಅವರು ತೀರಿಕೊಂಡರು. ಅವತ್ತು ಸೊರಗಿದ್ದರೂ ನನ್ನನ್ನು ಕಂಡು ಎದ್ದು ಕೂತರು. ಕಬ್ಬಿನ ರೇಟು, ರಸ್ತೆ, ನನ್ನ ಮಗಳ ಸಾಲಿ ಎಲ್ಲ ಮಾತಾಯಿತು. ಲೇಖನದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ನನಗೆ ಮಾತ್ರ ಒಳಗೊಳಗೇ ಅದೊಂದೇ ಕೊರೆಯುತ್ತಿತ್ತು.

ಮಧ್ಯಾಹ್ನ ತಂಗಿ ಎರಡು ತಟ್ಟೆ ತಂದಿಟ್ಟಳು. ಒಂದರಲ್ಲಿ ರೊಟ್ಟಿ, ಮಡಕಿಕಾಳಿನ ಪಲ್ಯ, ಚಟ್ನಿ. ಇನ್ನೊಂದರಲ್ಲಿ ರೊಟ್ಟಿ, ಮಟನ್ ಸಾರು. ನಮ್ಮದು ಮಾಂಸ ತಿನ್ನದ ಮನೆತನ. ಅದು ಬಾಯಾರಿಗೆ ಗೊತ್ತಿತ್ತು.

"ನಿಮಗ ಬ್ಯಾರೆ ಮಾಡ್ಸೇನ್ರಿ. ನಿಮ್ಮ ಪದ್ಧತಿ ನಿಮಗ, ನಮ್ಮದು ನಮಗ. ಬಾಜೂಕ ಕುಂತು ಉಣ್ರಿ, ಅಷ್ಟ ಸಾಕು."

ಅವರು ಹಾಗೆಂದಾಗ ನನಗೆ ಹೊಳೆಯಿತು. ಇಷ್ಟು ವರ್ಷ ಅವರ ಮನೆಯಲ್ಲಿ ನೂರಾರು ಸಲ ಚಹಾ ಕುಡಿದಿದ್ದೇನೆ. ಆದರೆ ಕೂತು ಉಂಡದ್ದು ಆ ಮೂವತ್ತು ದಿನಗಳಲ್ಲಿ ಮಾತ್ರ. ಬಾಯಾರಿಗೆ ಇದು ಯಾವತ್ತೋ ಗೊತ್ತಿರಬೇಕು. ಅವರು ನನ್ನ ಮುಖ ನೋಡುತ್ತಿರಲಿಲ್ಲ, ತಟ್ಟೆಯ ಮುಂದೆ ಚಾಪೆ ಸರಿಮಾಡುತ್ತಿದ್ದರು. ಕೂತುಬಿಡಬೇಕು ಎಂದು ಮನಸ್ಸು ಹೇಳಿತು. ಕೂತೇ ಬಿಟ್ಟೆ ಎಂದೂ ಒಂದು ಕ್ಷಣ ಅನಿಸಿತು. ಗೋಕಾಕದ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.

"ಬಸ್ಸಿನ ಹೊತ್ತಾತು ಬಾಯಾರ," ಎಂದೆ.