ಕೊಪ್ಪರಿಗೆಯಲ್ಲಿ ಕೃಷ್ಣೆಯ ಮೇಲೆ

ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಮಗಳನ್ನು ಕೂರಿಸಿಕೊಂಡು ಹೊಳೆಗಿಳಿದೆ ಎಂದರೆ ಊರಿನಲ್ಲಿ ನೀವು ಯಾರೂ ನಂಬಲಿಕ್ಕಿಲ್ಲ. ಕೃಷ್ಣೆಯ ದಡದ ಈ ಅಂಕಲಿಗೆ ನರ್ಸ್ ಆಗಿ ಬಂದು ಎರಡು ವರ್ಷವಾಯಿತು. ಮನೆಯೊಡತಿ ಪದ್ಮಕ್ಕ ಜೈನರು. ಮೀನಿನ ವಾಸನೆ ಮೆಟ್ಟಿಲು ಹತ್ತಬಾರದು ಎಂಬ ಕರಾರಿನ ಮೇಲೆ ಮಾಳಿಗೆ ಬಾಡಿಗೆಗೆ ಕೊಟ್ಟವರು. ಗಂಗೊಳ್ಳಿಯ ಮೀನುಗಾರನ ಮಗಳು ನಾನು, ಒಪ್ಪಿಕೊಂಡೆ. ಆಮೇಲೆ ಒಬ್ಬಳೇ ಕೂತು ಅತ್ತದ್ದೂ ಉಂಟು.

ನಾವು ಆಲೆಮನೆ ಎನ್ನುವುದಕ್ಕೆ ಇಲ್ಲಿ ಗಾಣ ಎನ್ನುತ್ತಾರೆ. ಸೀಗಿ ಹುಣ್ಣಿಮೆ ಕಳೆದು ಗಾಣ ಶುರುವಾಗುವ ಮೊದಲು, ಐದಾರು ಜನ ಕೂರುವಷ್ಟು ಅಗಲದ ಕೊಪ್ಪರಿಗೆಗಳನ್ನು ಕೃಷ್ಣೆಯ ದಡಕ್ಕೆ ತಂದು ಮರಳಿನಿಂದ ತಿಕ್ಕುತ್ತಾರೆ. ತಿಕ್ಕಿದ ಮೇಲೆ ಮನೆಮಂದಿಯೆಲ್ಲ ಅವುಗಳಲ್ಲೇ ಕೂತು, ರೊಟ್ಟಿಬುತ್ತಿ ಇಟ್ಟುಕೊಂಡು, ಆಚೆಯ ಮರಳುದಿಣ್ಣೆಗೆ ತೇಲಿಕೊಂಡು ಹೋಗುವುದು ಪದ್ಮಕ್ಕನ ಮನೆಯ ರೂಢಿ.

"ನಮ್ಮ ಜೋಡಿ ಬರ್ರಿ ಸಿಸ್ಟರ್, ನಾ ಹುಟ್ಟು ಹಾಕ್ತೇನಿ," ಎಂದರು ಪದ್ಮಕ್ಕ.

"ಅಕ್ಕಾ, ನಾನು ಕಡಲಲ್ಲಿ ಬೆಳೆದವಳು!" ಎಂದು ಜಂಬ ಕೊಚ್ಚಿ ಬೇರೆ ಕೊಪ್ಪರಿಗೆ ಹತ್ತಿದೆ. ಎಂಟು ವರ್ಷದ ಮಗಳು ಎದುರಿಗೆ ಕೂತಳು.

ನಡುಹೊಳೆಯಲ್ಲಿ ಸೆಳೆತ ಹಿಡಿಯಿತು. ಕೆಳಗಡೆ ಸೇತುವೆಯ ಕಂಬಗಳು. ಏನೇ ಆದರೂ ಹುಟ್ಟು ಬಿಡಬೇಡ, ದೋಣಿಯ ಮೂತಿಯನ್ನು ನೀರಿಗೆದುರು ಹಿಡಿ ಎಂದು ಅಪ್ಪ ಕಲಿಸಿದ್ದರು. ಕೊಪ್ಪರಿಗೆಗೆ ಮೂತಿ ಎಲ್ಲಿಂದ ಬರಬೇಕು? ಬಲ ಹಾಕಿದಷ್ಟೂ ಗರಗರ ತಿರುಗಿ, ಅಂಚಿನಿಂದ ನೀರು ಒಳಗೆ ನುಗ್ಗಿತು. "ಅಮ್ಮಾ" ಎಂದು ಮಗಳು ಏಳಲು ಹೋದಳು. ಅವಳಿಗೆ ಈಜು ಬರುವುದಿಲ್ಲ.

"ಹುಟ್ಟು ಒಗೀರಿ!" ಪದ್ಮಕ್ಕನ ಕೂಗು. "ಹುಡುಗೀನ ತೊಡಿ ಮ್ಯಾಲ ಹಾಕ್ಕೊಂಡು ನಟ್ಟನಡುವ ಕುಂದರ್ರಿ. ಹೊಳಿ ತಾನ ದಿಣ್ಣಿಗೆ ಒಯ್ತೈತಿ!"

"ಒಯ್ಯದಿದ್ದರೆ?"

"ನಾ ಇಲ್ಲೇ ಅದೇನಲ್ಲಾ! ಒಗೀರಿ ಅಂದ್ರ ಒಗೀರಿ!"

ಬಿಟ್ಟೆ. ಅಪ್ಪನ ಮಾತನ್ನು ಹೊಳೆಗೆ ಹಾಕಿದ ಹಾಗಾಯಿತು. ಮಗಳನ್ನು ಅವುಚಿ ಕಣ್ಣು ಮುಚ್ಚಿದೆ. ಕೊಪ್ಪರಿಗೆ ಇನ್ನೆರಡು ಸುತ್ತು ತಿರುಗಿ ಸುಮ್ಮನಾಯಿತು, ಓರೆಯಾಗಿ ತೇಲತೊಡಗಿತು. ಪದ್ಮಕ್ಕ ತಮ್ಮದನ್ನು ಪಕ್ಕಕ್ಕೆ ತಂದು ನಮ್ಮ ಅಂಚನ್ನು ಬರಿಗೈಯಲ್ಲಿ ಹಿಡಿದರು. ಎರಡೂ ಕೂಡಿ ಮರಳಿಗೆ ತಾಗಿದಾಗ ಅವರ ಅಂಗೈ ಕೊಯ್ದು ರಕ್ತ ಸುರಿಯುತ್ತಿತ್ತು. ನನ್ನ ವೇಲಿನಿಂದ ಕಟ್ಟುತ್ತಾ ಬಿಕ್ಕಿಬಿಕ್ಕಿ ಅತ್ತೆ.

"ಅಳೂದು ಸಾಕ್ ಮಾಡ್ರಿ. ಶೇಂಗಾ ಚಟ್ನಿ ಐತಿ, ರೊಟ್ಟಿ ತಿನ್ರಿ," ಎಂದರು.

ಅದಾದ ಮೇಲೆ ದೀಪಾವಳಿಗೆ ಊರಿಗೆ ಬಂದಿದ್ದೆನಲ್ಲ, ಆಗ ಇನ್ನೊಂದು ನಡೆಯಿತು. ಅಪ್ಪನ ದೋಣಿಯಲ್ಲಿ ಅಳಿವೆ ದಾಟುವಾಗ ದೊಡ್ಡ ತೆರೆ ಎದ್ದಿತು. ನಾನು ಹುಟ್ಟು ಕೆಳಗಿಟ್ಟು, ಮಗಳನ್ನು ತೊಡೆಗೆ ಎಳೆದುಕೊಂಡು ದೋಣಿಯ ನಟ್ಟನಡುವೆ ಕೂತುಬಿಟ್ಟೆ.

"ಹುಟ್ ಎಂತಕೆ ಬಿಟ್ಟೆ ಹೆಣೆ?" ಅಪ್ಪ ಗದರಿದರು. "ಯಾರ್ ಕಲ್ಸಿದ್ ನಿಂಗೆ?"

"ಪದ್ಮಕ್ಕ," ಎಂದಳು ಮಗಳು.

ಅಪ್ಪ ನನ್ನ ಹುಟ್ಟನ್ನೂ ತಮ್ಮ ಕಡೆಗೆ ಎಳೆದುಕೊಂಡರು. ದಡ ಮುಟ್ಟುವವರೆಗೂ ಅದನ್ನು ನನಗೆ ವಾಪಸು ಕೊಡಲಿಲ್ಲ.