ಸೀಸದ ಮುದ್ರೆಯನ್ನು ಉಜ್ಜಿದವನು

ಸುಮಾ, ಆ ಸೀಸದ ಮುದ್ರೆಯನ್ನು ಹಾಳು ಮಾಡಿದವನು ನಾನು. ನೀನಲ್ಲ. ಎಂಟು ವರ್ಷ ಇದನ್ನು ನುಂಗಿಕೊಂಡು ಬದುಕಿದೆ.

ಫೋರ್ಟ್ ಲೀ ಊರಿನ ಆ ಬಿಲ್ಡಿಂಗಿನಲ್ಲಿ ನಲ್ಲಿ, ಹೀಟರು ರಿಪೇರಿ ನನ್ನ ಕೆಲಸ. ಹದಿನಾಲ್ಕನೇ ಮಹಡಿಯ ಯಜಮಾನರು ರಾಜರ ಕಾಲದಲ್ಲಿ ಪತ್ರಗಳಿಗೆ ಹಾಕುತ್ತಿದ್ದ ಹಳೆಯ ಸೀಸದ ಮುದ್ರೆಗಳನ್ನು ಕೂಡಿಟ್ಟಿದ್ದ ಮುದುಕರು; ಅವರ ಮನೆ ಒರೆಸಿ ಓರಣ ಮಾಡುತ್ತಿದ್ದವನೂ ನಾನೇ. ನೀನು ಪಿಎಚ್‌ಡಿಗೆಂದು ಶನಿವಾರ ಶನಿವಾರ ಅಲ್ಲಿಗೆ ಬರುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಕೂರಿಸಿ ಹೇಳುತ್ತಿದ್ದೆ — ಸಾವಿರ ವರ್ಷದ ಹಿಂದಿನ ಬೈಜಾಂಟಿಯಂ ಸಾಮ್ರಾಜ್ಯ, ಅದರ ಗಡಿ ಕಾಯುತ್ತಿದ್ದ ಒಂದು ದೊಡ್ಡ ಮನೆತನ, ತಾತ, ಅಪ್ಪ, ಮಗ ಮೂವರೂ ದಂಡನಾಯಕರು. ಮಗ ಸಿಂಹಾಸನಕ್ಕೆ ಆಸೆಪಟ್ಟನೆಂದು ಚಕ್ರವರ್ತಿ ಅವನ ಕಣ್ಣು ಕೀಳಿಸಿದ. ಅಲ್ಲಿಗೆ ಆ ಮನೆತನ ಮುಗಿಯಿತೆಂದು ಪುಸ್ತಕಗಳು ಹೇಳುತ್ತವಂತೆ.

"ಮುಗೀಲಿಲ್ಲ ಅಂಕಲ್! ಕುರುಡ ಆದ್ಮೇಲೂ ಅವನು ಆರ್ಮಿ ಲೀಡ್ ಮಾಡಿದ್ದ. ಈ ಸೀಲ್ ಮೇಲೆ ಅವನ ಹೆಸರು, ಆಮೇಲೆ ಸಿಕ್ಕಿದ ಪೋಸ್ಟು, ಎರಡೂ ಇದೆ. ದಿಸ್ ಈಸ್ ಮೈ ಹೋಲ್ ಥೀಸಿಸ್."

"ಕಣ್ಣಿಲ್ದೆ ಯುದ್ಧ ಮಾಡಿಸಿದ್ನಾ? ನಮ್ಮ ಬಿಲ್ಡಿಂಗ್ ಮ್ಯಾನೇಜರ್ ಥರ ಅನ್ನು" ಎಂದೆ. ಬಿದ್ದು ಬಿದ್ದು ನಕ್ಕೆ ನೀನು.

ಸೋಮವಾರ ನಿನ್ನ ಪ್ರೊಫೆಸರು ಆ ಮುದ್ರೆಯನ್ನು ನೋಡಲು ಬರುವವರಿದ್ದರು. ಅಲ್ಲಿಯವರೆಗೆ ಫೋಟೊ ತೆಗೆಯಲು ಯಜಮಾನರು ಬಿಟ್ಟಿರಲಿಲ್ಲ. ಶನಿವಾರ ನೀನು ಹೊರಟ ಮೇಲೆ ಗಾಜಿನ ಪೆಟ್ಟಿಗೆ ಒರೆಸುವಾಗ ನೋಡಿದೆ — ಮುದ್ರೆ ಬೂದಿ ಮೆತ್ತಿದ ಹಾಗೆ ಮಂಕಾಗಿತ್ತು. ಹುಡುಗಿಗೆ ಇಷ್ಟು ದೊಡ್ಡ ದಿನ, ಅದು ಹೀಗಿದ್ದರೆ ಹೇಗೆ? ಭಾನುವಾರ ಮನೆಯಿಂದ ಹುಣಸೆಹಣ್ಣು ತಂದು, ಯಜಮಾನರು ಹೊರಗೆ ಹೋಗಿದ್ದಾಗ ಪೆಟ್ಟಿಗೆ ತೆರೆದು, ದೇವರ ದೀಪ ಬೆಳಗುವ ಹಾಗೆ ನಾರಿನಿಂದ ತಿಕ್ಕಿದೆ. ನಾನು ಮುಟ್ಟಿದ ಕೆಲಸ ಹೊಳೆಯಬೇಕು ಎನ್ನುವ ಹಮ್ಮು ನನಗೆ. ತೊಳೆದು ನೋಡಿದರೆ ಹೊಳೆಯುತ್ತಿತ್ತು. ಅಕ್ಷರಗಳು ಇರಲಿಲ್ಲ; ಮೆತ್ತನೆಯ ಸೀಸದ ಜೊತೆ ಸವೆದುಹೋಗಿದ್ದವು.

ಸೋಮವಾರ ಯಜಮಾನರು ಪೆಟ್ಟಿಗೆ ತೆರೆದಾಗ ನೀವಿಬ್ಬರೂ ಇನ್ನೂ ಲಿಫ್ಟಿನಲ್ಲಿದ್ದಿರಿ. "ಹೂ ಡಿಡ್ ದಿಸ್?" ಎಂದು ನನ್ನನ್ನು ಕೇಳಿದರು. ಓದದವನು ಇನ್ನೇನು ಮಾಡುತ್ತಾನೆ ಎಂದುಬಿಟ್ಟರೆ — ಅಷ್ಟೇ, ಆ ಒಂದು ಯೋಚನೆ —

"ದ ಗರ್ಲ್, ಸರ್."

ನೀನು ಒಳಗೆ ಬಂದೆ. ಮುದ್ರೆ ನೋಡಿದೆ. ಉಜ್ಜಿದ್ದು ನೀನೇ ಎಂದು ಯಜಮಾನರು ಕೂಗಾಡಿದರು. "ನಾನು ಉಜ್ಜೇ ಇಲ್ಲ! ಅಂಕಲ್, ನೀವಾದ್ರೂ ಹೇಳಿ" ಎಂದೆ. ನಾನು ಬಕೆಟ್ ಎತ್ತಿಕೊಂಡು ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ — ನಿನ್ನ ಅಳು ಕೇಳದಿರಲೆಂದು. ಕೇಳಿಸಿತು.

ಪ್ರೊಫೆಸರು ನಿನ್ನ ಕೈಬಿಟ್ಟರು. ನೀನು ಓದು ಬಿಟ್ಟೆ. ಮೊನ್ನೆ ನೀನು ಹಿಲ್ಸ್‌ಬರೋದಲ್ಲಿ ಒಬ್ಬರ ಮನೆ ಪೂಜೆಯಲ್ಲಿ ಸಿಕ್ಕಿ, ಸೀಕಾಕಸ್‌ನ ಗೋಡೌನಿನಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ ಎಂದೆ. "ಕೂತ್ಕೊಳಿ ಅಂಕಲ್" ಎಂದು ನೀನೇ ತಟ್ಟೆ ತಂದುಕೊಟ್ಟೆ. ನಾನು ಆ ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಬಂದೆ.

ಯಜಮಾನರು ಈಗಿಲ್ಲ. ನಿನ್ನ ಪ್ರೊಫೆಸರಿಗೆ ನನ್ನ ಹೆಸರು ಹಾಕಿ ಎಲ್ಲ ಬರೆದು ಕಳಿಸಿದ್ದೇನೆ. ಅದರಿಂದ ಆ ಕುರುಡನ ಹೆಸರು ವಾಪಸ್ ಬರುವುದಿಲ್ಲ. ನಿನ್ನ ವರ್ಷಗಳೂ ಬರುವುದಿಲ್ಲ. ಗೊತ್ತಿಲ್ಲದೆ ಉಜ್ಜಿದೆ ಎಂದು ಹೇಳಬಹುದು. ನಿನ್ನ ಕಡೆ ಬೆರಳು ಮಾಡಿದಾಗ ನನಗೆ ಎಲ್ಲ ಗೊತ್ತಿತ್ತು.